ಗ್ಲೌಸಿನ ಒಳಗಿನ ಸಹಿ

ಹೆಬ್ಬೆರಳಿಗೆ ಅಂಟಿದ ವ್ಯಾಸಲೀನು ಒರೆಸಿದಷ್ಟೂ ಹೋಗುವುದಿಲ್ಲ, ಇವನ ಹುಬ್ಬಿನ ಮೇಲೆ ಒಂದು ಎಳೆ, ಕೆನ್ನೆಯ ಮೂಳೆಯ ಮೇಲೆ ಒಂದು ಎಳೆ, ಮೂಗಿನ ಎರಡೂ ಪಕ್ಕ, ಗುದ್ದು ಬಿದ್ದರೆ ಚರ್ಮ ಹರಿಯದೆ ಜಾರಿ ಹೋಗಲಿ ಎಂದು, ಇಪ್ಪತ್ತು ವರ್ಷದಿಂದ ಇದೇ ಹೆಬ್ಬೆರಳು ಇದೇ ಕೆಲಸ ಮಾಡಿದೆ, ಕತ್ತಲೆಯಲ್ಲೂ ಮಾಡಬಲ್ಲದು, ಇವತ್ತು ಯಾಕೋ ಹುಬ್ಬು ಬಿಟ್ಟು ಕಣ್ಣಿಗೇ ಹೋಯಿತು — ಮಾವ, ಕಣ್ಣು, ಎಂದು ಇವನು ತಲೆ ಹಿಂದಕ್ಕೆಳೆದುಕೊಂಡ, ಏನಾಗಲ್ಲ ಸುಮ್ನಿರು ಎಂದೆ, ಟವೆಲಿನ ತುದಿಯಿಂದ ಒರೆಸಿದೆ, ಬಿಳಿ ಟವೆಲು, ಇವನ ತಾಯಿ, ನನ್ನ ತಂಗಿ, ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿಯುವವಳು, ಅಲ್ಲಿಯ ಪುಡಿ ಹಾಕಿ ಒಗೆದು, ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಾಡಿ ಕೊಟ್ಟಿದ್ದಾಳೆ, ಮಗನ ಬೆವರು ಒರೆಸಲು. ಇದನ್ನು ರಿಂಗಿನೊಳಗೆ ಎಸೆದರೆ ಆಟ ಅಲ್ಲಿಗೆ ನಿಲ್ಲುತ್ತದೆ, ಸೋತೆವು ಎಂದರ್ಥ, ಅದು ಅವಳಿಗೆ ಗೊತ್ತಿಲ್ಲ, ನಾನು ಇಷ್ಟು ವರ್ಷದಲ್ಲಿ ಒಂದು ಸಲವೂ ಎಸೆದಿಲ್ಲ, ಹಾಗಾಗಿ ಹೇಳುವ ಪ್ರಮೇಯವೇ ಬರಲಿಲ್ಲ. ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ತೊಡೆಯ ಮೇಲೆ ಚೀಲ, ಬಸ್ಸಿನಲ್ಲಿ ಕೂತ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು. ಎದುರು ಮೂಲೆಯಲ್ಲಿ ಐಸ್‌ನವನು, ಮಂಜುಗಡ್ಡೆ ಕಾರ್ಖಾನೆಯಲ್ಲಿ ಗಡ್ಡೆ ಹೊರುವವನು, ಹಾಗಾಗಿ ಎಲ್ಲರ ಬಾಯಲ್ಲೂ ಐಸ್‌ನವನು, ಹೊತ್ತು ಹೊತ್ತು ಕತ್ತು ಯಾವುದು ಹೆಗಲು ಯಾವುದು ತಿಳಿಯದ ಹಾಗಾಗಿದ್ದಾನೆ. ಅವನ ಹಿಂದೆ ಅವನ ಗುರು, ದರ್ಜಿ, ಕೊರಳಲ್ಲಿ ಟೇಪು ಕತ್ತರಿಸುವ ಕತ್ತರಿಯನ್ನು ದಾರ ಕಟ್ಟಿ ನೇತುಹಾಕಿಕೊಂಡು ನನ್ನನ್ನೇ ನೋಡುತ್ತಿದ್ದಾನೆ. ನಿನ್ನ ಹುಡುಗನನ್ನು ನೋಡಿಕೊಳ್ಳಯ್ಯ, ನನ್ನನ್ನೇನು ನೋಡುತ್ತೀಯ. ಇರಲಿ, ನೋಡಲಿ, ನೋಡಿದರೆ ಸವೆಯುವ ಮುಖವಲ್ಲ ಇದು. ಆದರೆ ನನ್ನ ಸಹಿ ಅಲ್ಲಿದೆ, ಐಸ್‌ನವನ ಎರಡೂ ಮಣಿಕಟ್ಟಿನ ಮೇಲೆ, ಕೆಂಪು ಗ್ಲೌಸಿನ ಒಳಗೆ, ಯಾರಿಗೂ ಕಾಣುವುದಿಲ್ಲ, ಎಡಗೈಯದು ನೆಟ್ಟಗಿದೆ, ಬಲಗೈಯದು ಸೊಟ್ಟ, ಕಾಗೆ ಕಾಲು ಗುಬ್ಬಿ ಕಾಲು.

ನಿಯಮ ಅದು. ಕೈಗೆ ಪಟ್ಟಿ ಸುತ್ತುವಾಗ ಎದುರಾಳಿ ಕಡೆಯ ಒಬ್ಬ ಪಕ್ಕದಲ್ಲಿ ನಿಂತು ನೋಡಬೇಕು, ಒಳಗೆ ಕಬ್ಬಿಣದ ಚೂರೋ ಒಣಗಿ ಕಲ್ಲಾಗುವ ಹಿಟ್ಟೋ ಇಟ್ಟಿಲ್ಲ ಎಂದು ಖಾತ್ರಿ ಮಾಡಿಕೊಂಡು ಮಣಿಕಟ್ಟಿನ ಟೇಪಿನ ಮೇಲೆ ಸಹಿ ಹಾಕಬೇಕು, ಆಮೇಲೆ ಬಿಚ್ಚುವ ಹಾಗಿಲ್ಲ, ಬಿಚ್ಚಿದರೆ ಸಹಿ ಹರಿಯುತ್ತದೆ. ಈ ಕೈ ಸರಿಯಾಗಿದೆ, ಈ ಕೈ ನನ್ನ ಹುಡುಗನನ್ನು ಹೊಡೆಯಬಹುದು, ನಾನು ಒಪ್ಪಿದ್ದೇನೆ — ಅಷ್ಟೇ ಅದರ ಅರ್ಥ. ಮೊದಲು ದರ್ಜಿ ನಮ್ಮ ಕೋಣೆಗೆ ಬಂದ, ಬಾಗಿಲು ತಟ್ಟಿ ಬಂದ, ಯಾರಾದರೂ ತಟ್ಟಿ ಬರುತ್ತಾರೆಯೇ ಇಂಥ ಕಡೆ, ನಾನು ನನ್ನ ಜೀವಮಾನದಲ್ಲಿ ತಟ್ಟಿಲ್ಲ, ದಡಾರೆಂದು ತೆಗೆದೇ ಹೋಗುತ್ತೇನೆ, ಒಳಗಿರುವವನು ಬೆಚ್ಚಿಬೀಳಬೇಕು, ಅಲ್ಲಿಂದಲೇ ಆಟ ಶುರು. ದರ್ಜಿ ಮೂಲೆಯಲ್ಲಿ ಕೈ ಕಟ್ಟಿ ನಿಂತ, ಊಟ ಆಯ್ತಾ ಅಣ್ಣ ಎಂದ, ಹ್ಞೂಂ ಎಂದೆ. ನಾನು ಸ್ಟೂಲಿನ ಮೇಲೆ ಕೂತು ಪಟ್ಟಿ ಬಿಚ್ಚಿಕೊಂಡು, ಎಡಗೈ ಕೊಡೋ ಎಂದೆ, ಹುಡುಗ ಬಲಗೈ ಚಾಚಿದ. ಎಡಗೈ, ಎಂದೆ ಮತ್ತೆ, ಅವನು ಬಲಗೈಯನ್ನೇ ಇನ್ನೂ ಸ್ವಲ್ಪ ಮುಂದೆ ಚಾಚಿದ, ಬೆರಳು ಅಗಲಿಸಿ, ಹೇಳಿದ್ದನ್ನು ಮಾಡಿದೆನಲ್ಲ ಎಂಬ ಮುಖದಲ್ಲಿ. ನಾನು ಏನೂ ಆಗದವನ ಹಾಗೆ ಬಲಗೈಗೇ ಸುತ್ತಲು ಶುರು ಮಾಡಿದೆ. ತಲೆ ಎತ್ತಿ ನೋಡಿದರೆ ದರ್ಜಿ ಕೈಯನ್ನು ನೋಡುತ್ತಿಲ್ಲ, ಪಟ್ಟಿಯನ್ನು ನೋಡುತ್ತಿಲ್ಲ, ಹುಡುಗನ ಕಣ್ಣು ನೋಡುತ್ತಿದ್ದಾನೆ. ಹೊಲಿಗೆ ಹಾಕಿದಷ್ಟು ಚೆನ್ನಾಗಿ ಎರಡು ಸಹಿ ಹಾಕಿ ಹೋದ. ಯಾರು ಮಾವ ಅದು, ತುಂಬ ಮರ್ಯಾದಸ್ಥ ಅನ್ಸತ್ತೆ, ಎಂದ ಇವನು. ಮರ್ಯಾದಸ್ಥನಂತೆ, ನಿನ್ನ ತಲೆ.

ತಲೆ — ಆ ಮಾತು ಎತ್ತಬಾರದು. ಮೂರು ವಾರದ ಹಿಂದೆ ಅಭ್ಯಾಸದಲ್ಲಿ ಒಂದು ಗುದ್ದು ಬಿತ್ತು, ಹೊಡೆದವನು ಲಾರಿ ಮೆಕ್ಯಾನಿಕ್ಕು, ಇವನಿಗಿಂತ ಹದಿನೈದು ಕಿಲೋ ಹೆಚ್ಚು, ಅವನ ಜೊತೆ ಆಡು ಎಂದು ಇಳಿಸಿದವನು ನಾನೇ, ಹೆದರಿಕೆ ಹೋಗಲಿ ಎಂದು, ಎಡಗಡೆ ಕಿವಿಯ ಮೇಲೆ ಬಿತ್ತು, ಇವನು ಕೂತ, ಎದ್ದ, ನಕ್ಕ. ನಮ್ಮ ಮೊಳೆ ಅಂದ್ರೆ ಮೊಳೆನೇ ಎಂದರು ಜಿಮ್ಮಿನ ಹುಡುಗರು, ಮೊಳೆ ಎಂದು ಅವರಿಟ್ಟ ಹೆಸರು, ತೆಳ್ಳಗೆ ನೆಟ್ಟಗೆ ಇದ್ದಾನೆ, ಹೊಡೆದಷ್ಟೂ ಬಾಗುವುದಿಲ್ಲ ಎಂದು. ಆ ಸಂಜೆ ಬಸ್‌ಸ್ಟಾಪಿನಲ್ಲಿ, ಮಾವ ಇವತ್ತು ಏನು ವಾರ ಎಂದು ಕೇಳಿದ, ಹೇಳಿದೆ, ಬಸ್ಸು ಬರುವಷ್ಟರಲ್ಲಿ ಮತ್ತೆ ಕೇಳಿದ, ಬಸ್ಸು ಹತ್ತಿದ ಮೇಲೆ ಇನ್ನೊಂದು ಸಲ. ಮರುದಿನ ಮನೆಯಲ್ಲಿ ಎಡಗೈಯಿಂದ ನೀರಿನ ಲೋಟ ಬಿತ್ತು, ತಂಗಿ ನನಗೆ ಫೋನು ಮಾಡಿದಳು, ಅಣ್ಣ, ಇವನು ಬಲಗಾಲಿನ ಶೂ ಎಡಗಾಲಿಗೆ ಹಾಕ್ಕೊಂಡು ಕೂತಿದ್ದಾನೆ, ಕೇಳಿದ್ರೆ ನಗ್ತಾನೆ, ಏನಾದ್ರೂ ಆಗಿದ್ಯಾ. ನಿದ್ದೆ ಸಾಲ್ದು ಅವ್ನಿಗೆ, ಮೊಬೈಲು ಕಿತ್ತಿಟ್ಕೋ, ಎಂದೆ ನಾನು. ಬಾಯಿಂದ ಎಷ್ಟು ಸಲೀಸಾಗಿ ಬಂತು. ಅವನೂ ಗೋಗರೆದ ಅನ್ನಿ, ಮಾವ ಅಮ್ಮಂಗೆ ಹೇಳ್ಬೇಡ, ಈ ಆಟ ಬಿಟ್ರೆ ಇನ್ನೆರಡು ವರ್ಷ ಯಾರೂ ಕರೆಯಲ್ಲ. ಅವನಿಗೆ ಇಪ್ಪತ್ತೆರಡು, ಅವನು ಗೋಗರೆಯಬಹುದು, ನನಗೆ ಐವತ್ತಾರು. ವೈದ್ಯರ ಕಾಗದದಲ್ಲಿ ಒಂದು ಸಾಲು, ಕಳೆದ ಮೂವತ್ತು ದಿನಗಳಲ್ಲಿ ತಲೆಗೆ ಪೆಟ್ಟು ಬಿದ್ದಿದೆಯೇ, ಹೌದು, ಇಲ್ಲ, ಇಲ್ಲ ಎಂಬುದರ ಸುತ್ತ ಒಂದು ಸೊನ್ನೆ, ಕೆಳಗೆ ತರಬೇತುದಾರರ ಸಹಿ. ಅದನ್ನು ಮಾತ್ರ ನೆಟ್ಟಗೆ ಹಾಕಿದ್ದೆ, ಆಗ ಕೈ ನಡುಗಲಿಲ್ಲ.

ನಡುಗಿದ್ದು ಅವರ ಕೋಣೆಯಲ್ಲಿ. ದಡಾರೆಂದು ಬಾಗಿಲು ತೆಗೆದೆ, ಯಾರೂ ಬೆಚ್ಚಲಿಲ್ಲ. ಐಸ್‌ನವನು ಬೆಂಚಿನ ಮೇಲೆ ಅಂಗಾತ ಮಲಗಿದ್ದ, ಬಾಯಿ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ, ದರ್ಜಿ ನೆಲದ ಮೇಲೆ ಕೂತು ಆ ಜೋತುಬಿದ್ದ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಪಟ್ಟಿ ಸುತ್ತುತ್ತಿದ್ದ, ಒಂದು ಸುಕ್ಕಿಲ್ಲ, ಒಂದು ಮಡಿಕೆ ಇಲ್ಲ, ಷರ್ಟಿನ ಕಾಲರು ಕೂರಿಸಿದ ಹಾಗೆ. ಮೆಲ್ಲಗೆ ಅಣ್ಣ, ಬೆಳಗ್ಗೆ ನಾಲ್ಕಕ್ಕೇ ಎದ್ದು ಗಡ್ಡೆ ಹೊತ್ತು ಬಂದಿದ್ದಾನೆ, ರಜ ಕೊಡ್ಲಿಲ್ಲ, ಮಲಗ್ಲಿ. ಆಹಾ, ನಾಟಕ, ಎಂದುಕೊಂಡೆ, ನನ್ನ ಹತ್ತಿರವೇ, ಇಂಥದ್ದು ಎಷ್ಟು ನೋಡಿಲ್ಲ ನಾನು, ಆಟಕ್ಕೆ ಒಂದು ಗಂಟೆ ಮುಂಚೆ ಯಾವ ಗಂಡಸಿಗೆ ನಿದ್ದೆ ಬರುತ್ತದೆ, ನನಗೆ ಬರುತ್ತಿರಲಿಲ್ಲ, ವಾಂತಿ ಬರುತ್ತಿತ್ತು, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿ, ಬಾಯಿ ತೊಳೆದು, ಮುಖಕ್ಕೆ ಕಲ್ಲಿನ ಕಳೆ ತಂದುಕೊಂಡು ಹೊರಗೆ ಬರುತ್ತಿದ್ದೆ. ಕೆಮ್ಮಿದೆ, ಕುರ್ಚಿ ಎಳೆದೆ, ಅವನ ರೆಪ್ಪೆ ಅಲುಗುತ್ತದೆಯೋ ಎಂದು ಬಗ್ಗಿ ನೋಡಿದೆ, ಅಲುಗಲಿಲ್ಲ, ಬಾಯಿಯ ಮೂಲೆಯಿಂದ ಜೊಲ್ಲು ಇಳಿದಿತ್ತು, ಜೊಲ್ಲನ್ನು ನಟಿಸುವುದು ಹೇಗೆ, ಅದಕ್ಕೂ ಏನಾದರೂ ಉಪಾಯ ಇರಬೇಕು. ಎಡಗೈ ಮುಗಿಯಿತು, ಸಹಿ ಹಾಕಿದೆ, ನೆಟ್ಟಗೆ. ಬಲಗೈ ಮುಗಿಯಿತು, ಪೆನ್ನು ಟೇಪಿಗೆ ತಾಗಿಸಿದೆ, ಆಗ ದರ್ಜಿ ತಲೆ ಎತ್ತದೆ, ಕತ್ತರಿಯನ್ನು ಮುಚ್ಚುತ್ತ, ಪಕ್ಕದ ಮನೆಯವನಿಗೆ ಹೇಳುವ ದನಿಯಲ್ಲಿ — ಅಣ್ಣ, ನಿಮ್ಮ ಹುಡುಗ ಎಡಗೈ ಕೇಳಿದ್ರೆ ಬಲಗೈ ಕೊಟ್ಟ. ಎರಡು ಸಲ. ಇವತ್ತು ಬೇಡ, ಮನೆಗೆ ಕರ್ಕೊಂಡು ಹೋಗಿ. ಪೆನ್ನು ಸೊಟ್ಟಗೆ ಓಡಿತು, ಮೊದಲಕ್ಷರ ಮಣಿಕಟ್ಟಿನ ಆಚೆ ಬದಿಗೆ ಜಾರಿ ಹೋಯಿತು, ಉಳಿದವು ಒಂದರ ಮೇಲೊಂದು ಬಿದ್ದವು. ನಿನ್ನ ಕೆಲಸ ನೋಡ್ಕೋ, ಎಂದೆ. ಆಯ್ತು ಅಣ್ಣ, ಎಂದ. ಐಸ್‌ನವನು ನಿದ್ದೆಯಲ್ಲೇ ಆ ಕೈಯನ್ನು ಎಳೆದುಕೊಂಡು, ನನ್ನ ಸಹಿಯ ಸಮೇತ, ಕೆನ್ನೆಯ ಅಡಿಗೆ ಇಟ್ಟುಕೊಂಡು ಮಗ್ಗುಲಾದ.

ಒಳ್ಳೇ ಮಾತು, ಎಂಥ ಒಳ್ಳೇ ಮಾತು, ನಾನೇ ಆಗಿದ್ದರೂ ಇದನ್ನೇ ಹೇಳುತ್ತಿದ್ದೆ, ಇದಕ್ಕಿಂತ ಚೆನ್ನಾಗಿ ಹೇಳಲು ನನ್ನಿಂದಲೂ ಆಗುತ್ತಿರಲಿಲ್ಲ. ಹೆದರಿಸುವುದೆಂದರೆ ಕಣ್ಣು ಕೆಂಪಗೆ ಮಾಡಿ ಗುರ್ರೆನ್ನುವುದಲ್ಲ, ಅದು ನಾಯಿಯ ಕೆಲಸ, ಹೆದರಿಸುವುದೆಂದರೆ ಅವನ ಮನೆಯೊಳಗೆ ಅವನಿಗೇ ಗೊತ್ತಿಲ್ಲದ ಹಾಗೆ ಹೋಗಿ ದೀಪ ಆರಿಸಿ ಬರುವುದು, ಇದನ್ನು ನಾನು ಜಿಮ್ಮಿನ ಹುಡುಗರಿಗೆ ಎಷ್ಟು ಸಲ ಹೇಳಿಲ್ಲ, ಹೇಳಿ ಕೊನೆಗೆ ಯಾರ ಕಥೆ ಹೇಳುತ್ತಿದ್ದೆ, ಈ ದರ್ಜಿಯದೇ. ಇಪ್ಪತ್ತೆರಡು ವರ್ಷದ ಹಿಂದೆ, ಆಗ ಅವನು ದರ್ಜಿಯಲ್ಲ, ಆಗ ಅವನ ಎಡಗೈ ನೋಡಲು ಜನ ಟಿಕೆಟು ತೆಗೆದುಕೊಂಡು ಬರುತ್ತಿದ್ದರು, ನನಗೆ ರಾತ್ರಿಯೆಲ್ಲ ಆ ಎಡಗೈ ಕಣ್ಣ ಮುಂದೆ. ನನ್ನ ತಂಗಿ ಆಗಷ್ಟೇ ಆಸ್ಪತ್ರೆಯ ಕೆಲಸಕ್ಕೆ ಸೇರಿದ್ದಳು, ಹೊಟ್ಟೆಯಲ್ಲಿ ಇವನೇ, ಏಳು ತಿಂಗಳು, ಸಂತೋಷದಿಂದ ಹೇಳಿದಳು, ಅಣ್ಣ, ನಾಳೆ ನಿನ್ನ ಜೊತೆ ಆಡೋನ ಹೆಂಡ್ತಿಗೆ ಹೆಣ್ಣು ಮಗು, ಬಟ್ಟೆ ಕೊಡೋಕೆ ಹೋಗಿದ್ದಾಗ ನೋಡ್ದೆ, ಬೆಣ್ಣೆ ಹಾಗಿದೆ. ಬೆಳಗ್ಗೆ ತೂಕ ನೋಡುವ ಕಡೆ ನಾನು ಅವನ ಹೆಗಲ ಮೇಲೆ ಕೈ ಹಾಕಿದೆ, ಸ್ವಂತ ಅಣ್ಣನ ಹಾಗೆ — ಮಗು ಆಯ್ತಂತೆ, ಹೆಣ್ಣಂತೆ, ಕಣ್ತುಂಬ ನೋಡ್ಕೊಂಡು ಬಂದ್ಯಾ? ನೋಡ್ಕೊಂಡು ಬಾ. ಮಧ್ಯಾಹ್ನದ ಮೇಲೆ ಕಣ್ಣು ಹೇಗಿರತ್ತೋ ಯಾರಿಗೆ ಗೊತ್ತು. ಅಷ್ಟೇ, ಒಂದು ಗುದ್ದಿಲ್ಲ, ಒಂದು ಬೈಗುಳವಿಲ್ಲ. ಮಧ್ಯಾಹ್ನ ಅವನು ಎರಡೂ ಗ್ಲೌಸು ಕಣ್ಣಿಗೆ ಒತ್ತಿಕೊಂಡವನು ಇಳಿಸಲೇ ಇಲ್ಲ, ಆ ಎಡಗೈ ಒಂದು ಸಲವೂ ಹೊರಗೆ ಬರಲಿಲ್ಲ, ಹೊಟ್ಟೆ ಪಕ್ಕೆ ಎಲ್ಲ ತೆರೆದ ಬಾಗಿಲು, ನಾನು ಹೋಗಿ ಬಂದು ಹೋಗಿ ಬಂದು ಹೊಡೆದೆ, ಮೂರನೇ ಸುತ್ತಿನಲ್ಲಿ ಅವನು ಕೂತ, ಏಳಬಹುದಿತ್ತು, ಏಳಲಿಲ್ಲ. ಜನ ಉಗಿದರು. ಆಮೇಲೆ ಅವನು ಹೊಲಿಗೆ ಯಂತ್ರ ಹಿಡಿದ, ನಾನು ಆ ಕಥೆ ಹಿಡಿದೆ, ವರ್ಷವರ್ಷ ಅದಕ್ಕೆ ಇನ್ನಷ್ಟು ಬಣ್ಣ ಬಳಿದು ಹೇಳಿದೆ, ಗ್ಲೌಸು ಕಣ್ಣಿಗೆ ಒತ್ತಿಕೊಂಡು ಕುಣಿದು ತೋರಿಸಿದೆ, ಹುಡುಗರು ಬಿದ್ದು ಬಿದ್ದು ನಕ್ಕರು, ಇವನೂ ನಕ್ಕ, ಇವನಿಗೆ ಆ ಕಥೆಯೆಂದರೆ ಪ್ರಾಣ, ಆದರೆ ಆ ಕಥೆಯವನೇ ಈ ಮರ್ಯಾದಸ್ಥ ಎಂದು ಇವನಿಗೆ ನಾನು ಹೇಳಿಲ್ಲ. ಇಪ್ಪತ್ತೆರಡು ವರ್ಷ ಕಾದು, ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಒಬ್ಬನನ್ನು ತಯಾರು ಮಾಡಿಕೊಂಡು, ನನಗೆ ನನ್ನದೇ ಔಷಧಿ ಕುಡಿಸಲು ಬಂದಿದ್ದಾನೆ. ಮನೆಗೆ ಕರ್ಕೊಂಡು ಹೋಗಿ ಅಂತೆ. ಹೆದರಿದವರ ಮೇಲೆ ಹಾವು ಎಸೆಯುವುದು ಎಂದರೆ ಇದು. ನಾನು ಹೆದರಿದ್ದು ಅವನಿಗೆ ಹೇಗೆ ಗೊತ್ತಾಯಿತು.

ವಾಪಸು ಬಂದಾಗ ಇವನು ಕನ್ನಡಿಯ ಮುಂದೆ ಗಾಳಿಗೆ ಗುದ್ದುತ್ತಿದ್ದ, ಹೇಗಿದ್ದಾನೆ ಮಾವ ಎಂದ, ಪ್ರತಿ ಸಲ ಕೇಳುವ ಪ್ರಶ್ನೆ, ಪ್ರತಿ ಸಲ ನಾನು ಕೊಡುವ ಉತ್ತರ ಒಂದೇ, ಅವನು ಗಟ್ಟಿಗನಾಗಿರಲಿ ಪುಕ್ಕಲನಾಗಿರಲಿ — ನಡುಗ್ತಿದ್ದಾನೆ ಕಣೋ, ಸಹಿ ಹಾಕೋಕೆ ಹೋದ್ರೆ ಕೈ ನಿಲ್ತಿಲ್ಲ. ಇವತ್ತೂ ಅದೇ ಹೇಳಿದೆ. ಇವನ ಮುಖ ಅರಳಿತು, ಅಷ್ಟು ನಂಬಿಕೆ, ಎತ್ತು ಈಯಿತೆಂದು ಮಾವ ಹೇಳಿದರೂ ಈದ ಹಾಗೆಯೇ. ಹೊರಗೆ ಓಣಿಯಲ್ಲಿ ತಂಗಿ ನಿಂತಿದ್ದಳು, ಒಳಗೆ ಬರಲು ಅವಳನ್ನು ಬಿಡುವುದಿಲ್ಲ, ಅಣ್ಣ, ಒಂದು ಮಾತು ಹೇಳು, ನಾನು ಅಲ್ಲಿ ಕೂತು ನೋಡ್ಬಹುದಾ, ಹೋದ ಸಲ ನೋಡೋಕೆ ಆಗ್ದೆ ಹೊರಗೆ ಹೋಗಿಬಿಟ್ಟೆ. ಅವನ ಮುಖ ನೋಡ್ತಿರು, ನಗ್ತಿದ್ರೆ ಎಲ್ಲ ಸರಿ ಇದೆ ಅಂತ ತಿಳ್ಕೋ, ಎಂದೆ. ಯಾಕೆ ಹಾಗೆಂದೆ, ಬೇರೆ ಏನಾದರೂ ಹೇಳಬಹುದಿತ್ತು, ನಾಲಿಗೆಗೆ ಎಲುಬಿಲ್ಲ. ನಗುವಿನ ಗುಟ್ಟು ನನಗೂ ಇವನಿಗೂ ಮಾತ್ರ ಗೊತ್ತು, ಹತ್ತು ವರ್ಷದವನಿದ್ದಾಗಲೇ ಹೇಳಿಕೊಟ್ಟದ್ದು, ನೋವಾದಾಗ ನಗು, ನೋವಾಗದಿದ್ದಾಗ ನಗಬೇಡ, ಹೊಡೆದವನಿಗೆ ತನ್ನ ಕೈಯ ಮೇಲೇ ಅನುಮಾನ ಬರಬೇಕು, ಎಷ್ಟು ನೋವೋ ಅಷ್ಟು ಹಲ್ಲು. ಗಂಟೆ ಹೊಡೆಯಿತು. ಸ್ಟೂಲು ಎಳೆದುಕೊಂಡು ರಿಂಗಿನಿಂದ ಕೆಳಗಿಳಿದೆ.

ಮೊದಲ ಸುತ್ತು ಇವನದೇ. ಎಡಗೈ ಟಕ್ ಟಕ್ ಎಂದು ಹೋಗಿ ಬರುತ್ತಿದೆ, ಐಸ್‌ನವನು ತಲೆ ತಗ್ಗಿಸಿ ಗೋಡೆ ತಳ್ಳುವವನ ಹಾಗೆ ಬರುತ್ತಾನೆ, ಮೂಗಿಗೆ ಎರಡು ತಿನ್ನುತ್ತಾನೆ, ಮತ್ತೆ ಬರುತ್ತಾನೆ, ಕಣ್ಣಲ್ಲಿ ಇನ್ನೂ ನಿದ್ದೆ. ನಿಜವಾಗಿ ನಿದ್ದೆಯೇ ಇರಬಹುದೇ. ಜನ ಮೊಳೆ ಮೊಳೆ ಎನ್ನುತ್ತಿದ್ದಾರೆ, ಮೊಳೆ ನಗುತ್ತಿಲ್ಲ, ಮುಖ ಗಂಟಿಕ್ಕಿಕೊಂಡಿದ್ದಾನೆ, ಒಳ್ಳೆಯದು, ಹಾಗೇ ಇರಲಿ, ನನ್ನ ಜೀವಮಾನದಲ್ಲಿ ಒಂದು ಸಿಡುಕು ಮುಖ ನೋಡಿ ಇಷ್ಟು ಸಮಾಧಾನ ಪಟ್ಟಿರಲಿಲ್ಲ. ನೋಡಿದೆಯಾ ದರ್ಜಿ, ಎಡಗೈ ಗೊತ್ತಿಲ್ಲ ಎಂದೆಯಲ್ಲ, ತಿನ್ನು ಈಗ ಎಡಗೈ. ಇನ್ನು ಹತ್ತು ಸೆಕೆಂಡು ಎಂದು ಮರದ ತುಂಡು ಬಡಿದರು, ಆಗ ಐಸ್‌ನವನ ಬಲಗೈ ಬಂತು, ಅಂಥ ಜೋರೇನಲ್ಲ, ಕಿವಿಯ ಮೇಲೆ ತಟ್ಟಿದ ಹಾಗೆ, ಎಡಗಿವಿಯ ಮೇಲೆ — ಇವನು ನಕ್ಕ. ಹಲ್ಲಿಗೆ ಹಾಕಿದ ನೀಲಿ ಗಮ್‌ಶೀಲ್ಡು ಪೂರ್ತಿ ಕಾಣುವ ಹಾಗೆ ನಕ್ಕ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಮೂರನೇ ಸಾಲಿನಲ್ಲಿ ಅವಳೂ ತಟ್ಟಿದಳು, ಚೀಲ ಬಿಟ್ಟು.

ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟೆ, ಉಗಿದ, ಬಕೆಟ್ಟಿಗಲ್ಲ, ನನ್ನ ಶೂ ಮೇಲೆ. ಮಾವ, ನಡುಗೋ ಕೈ ಹಿಂಗೆ ಬೀಳತ್ತಾ, ಎಂದ. ಏನು ಹೇಳಲಿ, ಈಗ ಹೇಳಬಹುದು, ಒಂದು ನಿಮಿಷ ಇದೆ, ನಡುಗಿದ್ದು ಅವನ ಕೈಯಲ್ಲ ಮಗನೇ ನನ್ನದು ಎನ್ನಬಹುದು, ಬಾ ಮನೆಗೆ ಹೋಗೋಣ ಎನ್ನಬಹುದು, ದರ್ಜಿಯ ಎದುರಿಗೇ ಇಳಿದು ಓಣಿಯಲ್ಲಿ ನಡೆದು ಹೋಗಬಹುದು, ಆಮೇಲೆ ಊರಿನ ಅಷ್ಟೂ ಜಿಮ್ಮಿನಲ್ಲಿ ಇನ್ನೊಂದು ಕಥೆ ಹುಟ್ಟುತ್ತದೆ, ದರ್ಜಿ ಒಂದು ಮಾತು ಹೇಳಿದ, ಮುದುಕ ಬಾಲ ಮುದುರಿಕೊಂಡ, ಯಾರೋ ಅದನ್ನು ಕುಣಿದು ತೋರಿಸುತ್ತಾರೆ, ಹುಡುಗರು ಬಿದ್ದು ಬಿದ್ದು ನಗುತ್ತಾರೆ. ಕೈ ಮೇಲೆ ಇಟ್ಕೋ, ದೂರ ನಿಂತು ಹೊಡಿ, ಎಂದೆ. ಎರಡನೇ ಸುತ್ತು. ಒಂದು ನಗು. ಹಗ್ಗದ ಹತ್ತಿರ ಇನ್ನೊಂದು. ರೆಫ್ರಿ ಬಗ್ಗಿ ಇವನ ಮುಖ ನೋಡಿದ, ನಗು ನೋಡಿ, ಸರಿ ಆಡಿ ಎಂದು ಹಿಂದೆ ಸರಿದ, ಮೇಜಿನ ಹತ್ತಿರ ವೈದ್ಯರು ಪೆನ್ನು ಎತ್ತಿದವರು ಕೆಳಗಿಟ್ಟರು, ಎಲ್ಲರೂ ನೋಡುತ್ತಿದ್ದಾರೆ, ಯಾರಿಗೂ ಕಾಣುತ್ತಿಲ್ಲ, ಇಷ್ಟು ದೊಡ್ಡ ಸಭಾಂಗಣದಲ್ಲಿ ಆ ಹಲ್ಲು ಓದಲು ಬರುವವನು ನಾನೊಬ್ಬನೇ. ಆಗ ದರ್ಜಿ ಹಗ್ಗ ಹಿಡಿದುಕೊಂಡು ತನ್ನ ಹುಡುಗನಿಗೆ ಕೂಗಿದ, ಹೊಟ್ಟೆಗೆ ಹೊಡಿ, ತಲೆ ಬಿಡು, ತಲೆ ಬಿಡೋ. ಉಪಾಯ, ಎಂದಿತು ನನ್ನ ಮನಸ್ಸು ತಕ್ಷಣ, ನಮಗೆ ಕೇಳಿಸಲಿ ಎಂದೇ ಕೂಗುತ್ತಿದ್ದಾನೆ, ಹೊಟ್ಟೆಗೆ ಎಂದರೆ ನಮ್ಮವನು ಕೈ ಇಳಿಸಬೇಕು, ಆಗ ತಲೆಗೆ, ಎಷ್ಟು ಚೆನ್ನಾಗಿ ಯೋಚಿಸಿದ್ದಾನೆ — ಆದರೆ ಐಸ್‌ನವನು ಹೊಟ್ಟೆಗೇ ಹೊಡೆದ, ಒಂದು, ಎರಡು, ಹೇಳಿದ ಮಾತು ಕೇಳುವ ಎತ್ತಿನ ಹಾಗೆ, ತಲೆ ಇಷ್ಟು ಹತ್ತಿರ ಇದ್ದರೂ ಬಿಟ್ಟು ಹೊಟ್ಟೆಗೇ ಹೊಡೆದ, ಸುತ್ತು ಮುಗಿಯುವವರೆಗೆ. ಇದು ಯಾವ ಉಪಾಯ. ಇದರಲ್ಲಿ ಅವನಿಗೆ ಲಾಭ ಏನು. ಲಾಭ ಕಾಣಿಸದೆ ನನಗೆ ಭಯವಾಗತೊಡಗಿತು, ಇಷ್ಟು ಹೊತ್ತು ಆದದ್ದು ಭಯವೇ ಅಲ್ಲ.

ಎಷ್ಟನೇ ರೌಂಡು ಮಾವ, ಎಂದ ಸ್ಟೂಲಿನಲ್ಲಿ ಕೂತು. ಎರಡು ಮುಗೀತು, ಎಂದೆ. ಹೆಬ್ಬೆರಳಲ್ಲಿ ವ್ಯಾಸಲೀನು, ಹುಬ್ಬು, ಕೆನ್ನೆಯ ಮೂಳೆ. ಎಡಗಣ್ಣಿನ ಪಾಪೆ ಬಲಗಣ್ಣಿನದಕ್ಕಿಂತ ದೊಡ್ಡದಾಗಿದೆ, ದೀಪದ ಬೆಳಕು ಇರಬೇಕು, ದೀಪ ಎರಡೂ ಕಣ್ಣಿಗೆ ಒಂದೇ ಅಲ್ಲವೇ. ಎಷ್ಟನೇ ರೌಂಡು ಮಾವ. ಈಗ ಹೇಳ್ದೆನಲ್ಲೋ. ಅವನು ನಕ್ಕ, ನನ್ನನ್ನು ನೋಡಿ, ಯಾರೂ ಹೊಡೆಯದೆ ನಕ್ಕ. ರೆಫ್ರಿ ಬಂದು, ಸರಿ ಇದ್ದಾನಾ ಎಂದ, ಇವನನ್ನಲ್ಲ, ನನ್ನನ್ನು ಕೇಳಿದ. ಕಾಗದಕ್ಕೆ ಒಂದು ಸಹಿ, ಟೇಪಿಗೆ ಎರಡು, ಈಗ ಬಾಯಿಂದ ಒಂದು — ಇದ್ದಾನೆ, ಎಂದೆ. ಅಂದುಬಿಟ್ಟೆ, ಇಪ್ಪತ್ತು ವರ್ಷದಿಂದ ಆ ಪ್ರಶ್ನೆಗೆ ಬಾಯಿ ಅದನ್ನೇ ಹೇಳಿ ಅಭ್ಯಾಸ. ಎದುರು ಮೂಲೆಯಲ್ಲಿ ದರ್ಜಿ ಐಸ್‌ನವನಿಗೆ ನೀರು ಕುಡಿಸುವುದನ್ನು ಬಿಟ್ಟು ಎದ್ದು ನಿಂತಿದ್ದಾನೆ, ತನ್ನ ಹೆಗಲ ಮೇಲಿನ ಟವೆಲು ಮುಟ್ಟಿ, ಆಮೇಲೆ ನನ್ನ ಹೆಗಲ ಕಡೆ ಬೆರಳು ತೋರಿಸುತ್ತಿದ್ದಾನೆ, ಮತ್ತೆ ಮುಟ್ಟಿ ಮತ್ತೆ ತೋರಿಸುತ್ತಿದ್ದಾನೆ, ಎಸೀರಿ, ಬಾಯಿ ಆಡುವುದು ಕಾಣುತ್ತದೆ, ಎಸೀರಿ ಅಣ್ಣ. ಆ ಮುಖ ನನಗೆ ಗೊತ್ತು, ಹೆದರಿಸುವವನ ಮುಖ ನಾನು ಕನ್ನಡಿಯಲ್ಲಿ ದಿನಾ ನೋಡಿದ್ದೇನೆ, ಅದು ಹೀಗಿರುವುದಿಲ್ಲ, ಇದು ಹೆದರಿದವನ ಮುಖ, ತೂಕ ನೋಡುವ ಕಡೆ ನನ್ನ ಕೈ ಹೆಗಲ ಮೇಲೆ ಬಿದ್ದಾಗ ಇದ್ದ ಮುಖ, ಆವತ್ತು ತನ್ನ ಮಗುವಿಗಾಗಿ, ಇವತ್ತು ನನ್ನದಕ್ಕಾಗಿ. ಅವನು ನಿಜ ಹೇಳಿದ್ದ. ಆ ಕೋಣೆಯಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನಿಗೆ ಇದ್ದದ್ದು ಇದ್ದ ಹಾಗೆ ಹೇಳಿದ, ನಿದ್ದೆ ಮಾಡುತ್ತಿದ್ದವನು ನಿದ್ದೆಯೇ ಮಾಡುತ್ತಿದ್ದ, ನಾನು ಸಹಿ ಹಾಕಿದೆ. ಗಂಟೆ ಹೊಡೆಯಿತು, ಇವನು ಎದ್ದ, ತಪ್ಪು ಮೂಲೆಯ ಕಡೆ ಎರಡು ಹೆಜ್ಜೆ ಹೋಗಿ ತಿರುಗಿದ, ಜನಕ್ಕೆ ಅದೂ ಒಂದು ಚೇಷ್ಟೆ, ನಕ್ಕರು.

ಟವೆಲು ಕೈಯಲ್ಲಿದೆ, ಯಾವಾಗ ತೆಗೆದೆನೋ, ಇಸ್ತ್ರಿಯ ಗೆರೆ ಇನ್ನೂ ಇದೆ, ಒಂದು ಮೂಲೆಗೆ ವ್ಯಾಸಲೀನು, ಆಸ್ಪತ್ರೆಯ ಪುಡಿಯ ವಾಸನೆ, ಎಸೆಯಬೇಕು, ಎಸೆಯುತ್ತೇನೆ, ಎಸೆಯುವುದು ಹೇಗೆಂದು ಈ ಕೈಗೆ ಗೊತ್ತಿಲ್ಲ, ಬಿಚ್ಚಿ ಎಸೆಯಬೇಕೋ ಉಂಡೆ ಮಾಡಿ ಎಸೆಯಬೇಕೋ, ಬೆರಳುಗಳು ಹಿಡಿದುಕೊಂಡಿವೆ, ಬಿಡುತ್ತಿಲ್ಲ, ಅವಳು ಮೂರನೇ ಸಾಲಿನಿಂದ ನನ್ನ ಕಡೆ ನೋಡಿ ಕೈ ಬೀಸಿದಳು, ನಗ್ತಿದ್ದಾನೆ ಅಣ್ಣ ಎಂಬ ಹಾಗೆ, ಹೌದಮ್ಮ ನಗುತ್ತಿದ್ದಾನೆ, ಇಷ್ಟು ಅಗಲ ನಗುವನ್ನು ನಾನು ಅವನಿಗೆ ಹೇಳಿಕೊಟ್ಟಿಲ್ಲ, ಹತ್ತು ವರ್ಷದವನು, ಹಾಲುಹಲ್ಲು ಒಂದು ಬಿದ್ದು, ಮಾವ ನಕ್ಕೆ ನೋಡು ನೋವೇ ಆಗ್ಲಿಲ್ಲ, ಭೇಷ್ ಎಂದಿದ್ದೆ. ದರ್ಜಿ ಕೂಗುತ್ತಿದ್ದಾನೆ ತಲೆ ಬಿಡೋ ಎಂದು, ಐಸ್‌ನವನಿಗೆ ಕೇಳಿಸುತ್ತಿಲ್ಲ, ಸಭಾಂಗಣವೆಲ್ಲ ಮೊಳೆ ಮೊಳೆ ಎನ್ನುತ್ತಿದೆ, ಐಸ್‌ನವನ ಬಲಹೆಗಲು ಹಿಂದೆ ಹೋಯಿತು, ಗಡ್ಡೆ ಎತ್ತುವಾಗ ಹೋಗುವ ಹಾಗೆ, ಎಡಗೈ ಎಂದು ಕೂಗಿದೆ, ಎಡಗೈ ಮೇಲೆ, ಎಡಗೈ ಮೇಲೆತ್ತೋ, ಅವನಿಗೆ ಕೇಳಿಸಿತು, ನನ್ನ ದನಿ ಎಲ್ಲಿದ್ದರೂ ಅವನಿಗೆ ಕೇಳಿಸುತ್ತದೆ, ಮಾವ ಹೇಳಿದ ತಕ್ಷಣ ಎತ್ತಿದ, ಬಲಗೈ ಎತ್ತಿದ, ಬೆರಳಿದ್ದರೆ ಅಗಲಿಸುತ್ತಿದ್ದ, ಹೇಳಿದ್ದನ್ನು ಮಾಡಿದೆನಲ್ಲ ಎಂಬ ಮುಖದಲ್ಲಿ ನನ್ನ ಕಡೆ ತಿರುಗಿ, ನೀಲಿ ನಗು, ಎಡಗಡೆ ಪೂರ್ತಿ ಖಾಲಿ, ಟವೆಲು ಕೈಯಲ್ಲೇ ಇದೆ, ಕೆಂಪು ಗ್ಲೌಸು ಬರುತ್ತಿದೆ, ನಿಧಾನವಾಗಿ ಬರುತ್ತಿದೆ, ಅದರೊಳಗೆ ಬಿಳಿ ಟೇಪು, ಸುಕ್ಕಿಲ್ಲ, ಟೇಪಿನ ಮೇಲೆ ಸೊಟ್ಟಗೆ, ಮೊದಲಕ್ಷರ ಜಾರಿ, ಉಳಿದವು ಒಂದರ ಮೇಲೊಂದು ಬಿದ್ದು, ನನ್ನ ಸಹಿ, ಟೇಪಿನ ಮೇಲೆ ನನ್ನ ಸಹಿ, ನನ್ನ ಸಹಿ